ಮೇಷ್ಟ್ರ ಕೈಚೀಲ

ಪೊಟ್ಟಣ ಕಟ್ಟುವುದೂ ಒಂದು ವಿದ್ಯೆಯೆಂದರೆ ಈಗಿನ ಹುಡುಗರು ನಕ್ಕಾರು. ನಮ್ಮ ಬೀದಿಯ ತಿರುವಿನಲ್ಲಿ ದಿನಸಿ ಅಂಗಡಿಯಿಟ್ಟಿರುವ ಶೆಟ್ಟರ ತಂದೆಯವರಿಗೆ ಆ ವಿದ್ಯೆ ಕರಗತವಾಗಿತ್ತು. ಹಳೆಯ ಪತ್ರಿಕೆಯ ಹಾಳೆಯನ್ನು ಶಂಖದಂತೆ ಸುರುಳಿ ಸುತ್ತಿ, ಪಾವು ತೊಗರಿಬೇಳೆಯನ್ನು ಅದರೊಳಗೆ ಸುರಿದು, ಅಂಚು ಮಡಿಸಿ, ಮೇಲಿನಿಂದ ಇಳಿಬಿಟ್ಟ ಉಂಡೆಯ ದಾರವನ್ನೆಳೆದು ಎರಡು ಸುತ್ತು ಬಿಗಿದು ಪಟಕ್ಕನೆ ಹರಿಯುತ್ತಿದ್ದರು. ಮನೆಗೆ ಬಂದ ಮೇಲೆ ಬೇಳೆ ಡಬ್ಬಿಗೆ, ದಾರ ಅಮ್ಮನ ಹೂವಿನ ಬುಟ್ಟಿಗೆ, ಕಾಗದ ನೀರೊಲೆಗೆ. ಕಸವೆಂಬುದೇ ಉಳಿಯುತ್ತಿರಲಿಲ್ಲ.

ಹೋದ ಕಾಲವನ್ನು ಹೊಗಳುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಮಳೆಯಲ್ಲಿ ಅಂಥದೇ ಪೊಟ್ಟಣ ಒಡೆದು ಸಕ್ಕರೆಯೆಲ್ಲ ಚರಂಡಿಯ ಪಾಲಾದ ದಿನ ನಾನು ಪೆಟ್ಟು ತಿಂದದ್ದುಂಟು. ಪ್ಲಾಸ್ಟಿಕ್ಕು ಬಂದಾಗ ಅದನ್ನು ಸಂತೋಷದಿಂದ ಬರಮಾಡಿಕೊಂಡವರಲ್ಲಿ ನಾನೂ ಒಬ್ಬ.

2016ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಮೊದಲಾದವನ್ನು ನಿಷೇಧಿಸಿತು. ‘ಮನೆಯಿಂದ ಚೀಲ ತನ್ನಿರಿ’ ಎಂದು ಶೆಟ್ಟರು ಗೋಡೆಯ ಮೇಲೆ ಬರೆಸಿದರು. ಕೆಲವು ವಾರ ಎಲ್ಲರೂ ತಂದೆವು. ಆಮೇಲೆ ಒಬ್ಬೊಬ್ಬರಾಗಿ ಮರೆತೆವು. ಗಲ್ಲಾಪೆಟ್ಟಿಗೆಯ ಕೆಳಗೆ ತೆಳುಚೀಲಗಳ ಕಟ್ಟು ಸದ್ದಿಲ್ಲದೆ ಮರಳಿ ಬಂದಿತು.

2022ರ ಜುಲೈ 1ರಿಂದ, ಒಮ್ಮೆ ಬಳಸಿ ಬಿಸುಡುವ ಹಲವು ಪದಾರ್ಥಗಳು ಇಡೀ ದೇಶದಲ್ಲಿ ನಿಷಿದ್ಧವಾದುವು. ಕೆಲವು ದಿನಗಳ ಮೇಲೆ ನಾನು ಬೆಲ್ಲಕ್ಕೆಂದು ಬರಿಗೈಯಲ್ಲಿ ಹೋದೆ.

“ಬೇಡಿ ಮೇಷ್ಟ್ರೇ, ತಪಾಸಣೆಯವರು ಓಡಾಡ್ತಿದ್ದಾರೆ,” ಎಂದರು ಶೆಟ್ಟರು.

“ಇದೊಂದು ಸಲ ಕೊಡಿ, ಶೆಟ್ರೇ,” ಎಂದೆ ನಾನು.

ನಾನು ಮೆಟ್ಟಿಲಿಳಿಯುವುದಕ್ಕೂ ಇಬ್ಬರು ಅಧಿಕಾರಿಗಳು ಮೆಟ್ಟಿಲೇರುವುದಕ್ಕೂ ಸರಿಹೋಯಿತು. ಅವರು ನನ್ನ ಕೈಯನ್ನು ನೋಡಿದರು. ಬಳಿಕ ಶೆಟ್ಟರ ಹೆಸರಿನಲ್ಲಿ ದಂಡದ ಚೀಟಿ ಬರೆದರು. ‘ಬಲವಂತ ಮಾಡಿದವನು ನಾನು’ ಎಂಬ ಮಾತು ನನ್ನ ಗಂಟಲಿನವರೆಗೆ ಬಂದು ಅಲ್ಲಿಯೇ ನಿಂತಿತು. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದ ಗಂಟಲು ಅದು! ಶೆಟ್ಟರೂ ನನ್ನ ಹೆಸರೆತ್ತಲಿಲ್ಲ.

ನೆಲ ನೋಡಲಾರದೆ ತಲೆಯೆತ್ತಿದೆ. ಶೆಟ್ಟರ ನೆತ್ತಿಯ ಮೇಲೆ ಪುಟ್ಟ ಪುಟ್ಟ ಪೊಟ್ಟಣಗಳ ಸರಗಳು ತೂಗಾಡುತ್ತಿದ್ದವು: ಶಾಂಪೂ, ಉಪ್ಪಿನಕಾಯಿ, ಕಾಫಿಪುಡಿ. ಕಾರ್ಖಾನೆಯಲ್ಲಿಯೇ ಮುಚ್ಚಿ ಬಂದ ಅವುಗಳಿಗೆ ಆ ನಿಷೇಧ ತಗಲುವುದಿಲ್ಲ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ತಗಡನ್ನು ಅಂಟಿಸಿದ ಪದರಗಳನ್ನು ಬಿಡಿಸುವುದು ಸುಲಭವಲ್ಲ. ಬೆಲೆ ಬಾರದ್ದರಿಂದ ಚಿಂದಿ ಆಯುವವರೂ ಅದನ್ನು ಬಿಟ್ಟು ಹೋಗುತ್ತಾರೆ.

ಹಾಗೆಂದು ಕಾನೂನು ದೊಡ್ಡವರನ್ನು ಮರೆತೇಬಿಟ್ಟಿದೆಯೆನ್ನುವುದು ನ್ಯಾಯವಲ್ಲ. 2022ರ ಫೆಬ್ರವರಿಯ ಕೇಂದ್ರ ನಿಯಮಗಳ ಪ್ರಕಾರ, ಮಾರುಕಟ್ಟೆಗೆ ಬಿಟ್ಟ ಹೊದಿಕೆಯ ಹೊಣೆ ಅದನ್ನು ತಯಾರಿಸಿದವರದು, ಆಮದು ಮಾಡಿದವರದು, ತಮ್ಮ ಹೆಸರಿನಲ್ಲಿ ಮಾರಿದವರದು. ಗಡುಸಾದ ಡಬ್ಬಿ ಸೀಸೆಗಳಲ್ಲಿ 2024–25ರಲ್ಲಿ ಶೇಕಡ 50ರಷ್ಟು, 2027–28ರ ಹೊತ್ತಿಗೆ ಶೇಕಡ 80ರಷ್ಟು ಪುನರ್ಬಳಕೆಯ ಸಂಸ್ಕರಣಕ್ಕೆ ಒಳಪಡಬೇಕು. ಬಹುಪದರದ ಹೊದಿಕೆಗೆ ಈ ಗುರಿ ಶೇಕಡ 30ರಿಂದ 60. ಸಂಸ್ಕರಿಸಿದವರು ಪ್ರಮಾಣಪತ್ರ ಪಡೆಯುತ್ತಾರೆ. ಕಂಪೆನಿಗಳು ಅದನ್ನು ಕೊಂಡು ತಮ್ಮ ಲೆಕ್ಕ ಒಪ್ಪಿಸಬಹುದು. ಏರ್ಪಾಡು ಚೆನ್ನಾಗಿದೆ. ಆದರೆ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಿದಾಗ, ಖೋಟಾ ಪ್ರಮಾಣಪತ್ರಗಳೇ ಲಕ್ಷಗಟ್ಟಲೆ ಬಯಲಾದುವು. ಬೀದಿಯಲ್ಲಿ ಕಸ ಹಾಗೆಯೇ ಬಿದ್ದಿರಲು, ಕಾಗದದ ಮೇಲೆ ಅದು ಕರಗಿಹೋಗಿತ್ತು!

ಆದರೂ ನನಗೆ ಅವರನ್ನು ನಿಂದಿಸಲು ಬಾಯಿ ಬರುವುದಿಲ್ಲ. ಅವರು ಕಾಗದದಲ್ಲಿ ಮುಚ್ಚಿಟ್ಟದ್ದನ್ನು ನಾನು ಮೌನದಲ್ಲಿ ಮುಚ್ಚಿಟ್ಟೆ. ಇಬ್ಬರ ಹೊಣೆಯನ್ನೂ ಹೊತ್ತವರು ಬೇರೆಯವರು.

ಮರುದಿನ ದಂಡದ ಹಣವನ್ನು ಲಕೋಟೆಯಲ್ಲಿಟ್ಟು ಶೆಟ್ಟರ ಮುಂದೆ ಚಾಚಿದೆ. ಅವರು ತಕ್ಕಡಿಯಿಂದ ಕಣ್ಣೆತ್ತದೆ, “ದುಡ್ಡು ಬೇಡ ಮೇಷ್ಟ್ರೇ, ಚೀಲ ತನ್ನಿ,” ಎಂದರು.

ಅಂದಿನಿಂದ ಬಟ್ಟೆಯ ಚೀಲವೊಂದು ನಮ್ಮ ಬಾಗಿಲ ಗೂಟದಲ್ಲಿ, ಛತ್ರಿಯ ಪಕ್ಕದಲ್ಲಿ ತೂಗುತ್ತಿದೆ. ಮರೆಯದೆ ಒಯ್ಯುತ್ತೇನೆ. ಆದರೆ ಅದನ್ನು ಮನೆಗೆ ತಂದು ಬಿಚ್ಚಿದಾಗಲೆಲ್ಲ, ಒಳಗಿನಿಂದ ಹೊರಬರುವ ಮಿರುಗುವ ಪೊಟ್ಟಣಗಳನ್ನು ಎಣಿಸುತ್ತೇನೆ. ಲೆಕ್ಕ ಇನ್ನೂ ಸೊನ್ನೆಗಿಳಿದಿಲ್ಲ.