ಚಿಲ್ಲಿಯ ಮೇಲೆ ಚೀಸ್ ಗುಡ್ಡೆ

ಅಮೆರಿಕದ ಸಿನ್ಸಿನಾಟಿಯಲ್ಲಿ 'ಸ್ಕೈಲೈನ್ ಚಿಲ್ಲಿ' ಹೋಟೆಲುಗಳು ಬಹಳ ಹೆಸರುವಾಸಿ. ಗ್ರೀಸಿನಿಂದ ವಲಸೆ ಹೋದ ನಿಕೊಲಸ್ ಲ್ಯಾಂಬ್ರಿನಿಡಿಸ್ 1949ರಲ್ಲಿ ಮಕ್ಕಳೊಂದಿಗೆ ಮೊದಲನೆಯದನ್ನು ತೆರೆದರು. ಚಿಲ್ಲಿ ಎಂದರೆ ಮೆಣಸಿನಕಾಯಿಯಲ್ಲ, ಮಾಂಸದ ಗಟ್ಟಿ ಸಾರು. ಆ ಊರಿನವರು ಅದಕ್ಕೆ ಗ್ರೀಕರ ರೂಢಿಯಂತೆ ಚಕ್ಕೆ ಹಾಕುತ್ತಾರೆ. ಶಾವಿಗೆಯಂಥ ಸ್ಪಗೆಟ್ಟಿ, ಮೇಲೆ ಚಿಲ್ಲಿ, ಅದರ ಮೇಲೆ ತುರಿದ ಚೆಡ್ಡಾರ್ ಚೀಸ್. ಸಾರೇ ಕಾಣದಷ್ಟು!

ಒಂದು ಕಿಲೋ ಚೆಡ್ಡಾರ್‌ಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕು. ಹಾಲು ಶುದ್ಧವಿರಬೇಕು. ಕೆಚ್ಚಲು ಬಾವಿನ ಹಾಲಿನಲ್ಲಿ ಚೀಸ್ ಕಟ್ಟುವ ಪ್ರೋಟೀನ್ ಕಡಿಮೆ. ಚಿಕಿತ್ಸೆಗೆ ಕೊಟ್ಟ ಆ್ಯಂಟಿಬಯೋಟಿಕ್ ಹಾಲಿಗಿಳಿದರೆ ಹೆಪ್ಪಿನ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ನಮ್ಮ ಮೊಸರಿಗೂ ಇದೇ ಕಥೆ. ಅಂಥ ಒಂದು ಕ್ಯಾನು ಇಡೀ ಟ್ಯಾಂಕನ್ನು ಕೆಡಿಸಬಹುದು. ಅಕ್ಕಂದಿರೇ, ಇಂಜೆಕ್ಷನ್ ಕೊಡಿಸಿದಾಗ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದೆಂದು ಡಾಕ್ಟರನ್ನು ಕೇಳಿಕೊಳ್ಳಿ. ಕೆಚ್ಚಲಿಗೆ ಟ್ಯೂಬ್ ಏರಿಸಿದರೂ ಅಷ್ಟೇ.