2,029 ಗೆಲುವು, ಒಂದೂ ಕಪ್ ಇಲ್ಲ



ಕ್ರೀಡೆಯ ಬಗ್ಗೆ ಮಾತಾಡಿ ಅಂತ ಸಮ್ಮೇಳನದ ಸಮಿತಿಯವರು ಕೇಳಿದಾಗ ಕ್ರಿಕೆಟ್ ಅಂತಲೇ ಅವರ ಮನಸ್ಸಿನಲ್ಲಿ ಇದ್ದಿರಬೇಕು. ವಿಶ್ವನಾಥ್, ಕುಂಬ್ಳೆ, ದ್ರಾವಿಡ್ ಬಗ್ಗೆ ನಿಮಗೆ ಹೊಸದಾಗಿ ಹೇಳುವಂಥದ್ದು ನನ್ನಲ್ಲೇನೂ ಇಲ್ಲ. ಆದರೆ ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ಶನಿವಾರ ಬೆಳಿಗ್ಗೆ ಲಿಟಲ್ ಲೀಗ್ ಮೈದಾನದಲ್ಲಿರುತ್ತಾರೆ. ನಾವು ಮಡಚುವ ಕುರ್ಚಿ ಹಾಕಿಕೊಂಡು, ಆಟ ಅರ್ಧ ಅರ್ಥವಾಗಿ ಅರ್ಧ ಆಗದೆ, ಪಕ್ಕದವರು ಚಪ್ಪಾಳೆ ತಟ್ಟಿದಾಗ ನಾವೂ ತಟ್ಟುತ್ತೇವೆ. ನಾನೂ ವರ್ಷಗಟ್ಟಲೆ ಹಾಗೆ ಕೂತವನೇ. ಹಾಗೆ ಕೂತು ಕೂತು ಪರಿಚಯವಾದ ಒಬ್ಬ ಕಾಲೇಜು ಕೋಚ್ ಕಥೆಯನ್ನು ಇವತ್ತು ಹೇಳುತ್ತೇನೆ.

ಅವರ ಹೆಸರು ಮೈಕ್ ಮಾರ್ಟಿನ್. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ 1980ರಿಂದ 2019ರವರೆಗೆ, ಒಟ್ಟು 40 ಋತು, ಮುಖ್ಯ ಕೋಚ್ ಆಗಿದ್ದವರು. 2,029 ಪಂದ್ಯ ಗೆದ್ದರು. ಕಾಲೇಜು ಬೇಸ್‌ಬಾಲ್‌ನ ಅತ್ಯುನ್ನತ ವಿಭಾಗದಲ್ಲಿ ಅವರಿಗಿಂತ ಮುಂಚೆ ಅತಿ ಹೆಚ್ಚು ಗೆಲುವಿನ ದಾಖಲೆ ಇದ್ದದ್ದು ಟೆಕ್ಸಸ್‌ನ ಆಗಿ ಗರಿಡೋ ಹೆಸರಿನಲ್ಲಿ, 1,975. ಮಾರ್ಟಿನ್ 2018ರಲ್ಲಿ ಅದನ್ನು ದಾಟಿದರು. ಗರಿಡೋ ಐದು ಸಲ ರಾಷ್ಟ್ರೀಯ ಚಾಂಪಿಯನ್. ಮಾರ್ಟಿನ್ ಒಂದು ಸಲವೂ ಅಲ್ಲ.

ಇದನ್ನು ಮೊದಲು ಕೇಳಿದಾಗ ನನ್ನ ಮಗ ಒಂದೇ ಪ್ರಶ್ನೆ ಕೇಳಿದ: "ಹಾಗಾದರೆ ಅವರು ಒಳ್ಳೆ ಕೋಚಾ, ಅಲ್ಲವಾ?" ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿದ್ದರಿಂದ ಹುಟ್ಟಿದ್ದು ಈ ಮಾತು.

ಮಾರ್ಟಿನ್ ಅದೇ ಕಾಲೇಜಿನಲ್ಲಿ ಆಡಿದವರು. ಕೆಲವು ವರ್ಷ ವೃತ್ತಿಪರ ಆಟದ ಕೆಳಹಂತದ ಲೀಗುಗಳಲ್ಲಿ ಆಡಿದರು, ಮೇಲಕ್ಕೆ ಏರಲಿಲ್ಲ. ಟಲ್ಲಹಾಸಿಗೆ ವಾಪಸ್ ಬಂದು ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಹೇಳಿಕೊಟ್ಟರು. ಹೌದು, ಬ್ಯಾಸ್ಕೆಟ್‌ಬಾಲ್! 1975ರಲ್ಲಿ ತಮ್ಮ ಹಳೆಯ ಕಾಲೇಜಿನ ಸಹಾಯಕ ಕೋಚ್ ಆದರು. ಮುಖ್ಯ ಕೋಚ್ ಡಿಕ್ ಹೌಸರ್ ನ್ಯೂಯಾರ್ಕ್ ಯಾಂಕೀಸ್ ತಂಡದ ಮ್ಯಾನೇಜರ್ ಆಗಿ ಹೊರಟಾಗ ಕುರ್ಚಿ ಇವರಿಗೆ ಬಂತು. ಅಲ್ಲಿಂದ ಅವರು ಎದ್ದದ್ದು ನಲವತ್ತು ವರ್ಷದ ಮೇಲೆ.

ಈ ಕೆಲಸ ಎಷ್ಟು ಕಷ್ಟ ಅಂತ ನಮ್ಮಂಥವರಿಗೆ ಹೊರಗಿನಿಂದ ಕಾಣುವುದಿಲ್ಲ. ಕಾಲೇಜು ತಂಡ ಅಂದರೆ ಸೋರುವ ಕೊಡ. ಒಳ್ಳೆಯ ಹುಡುಗರನ್ನು ಹೈಸ್ಕೂಲ್ ಮುಗಿದ ಕೂಡಲೇ ವೃತ್ತಿಪರ ತಂಡಗಳು ಡ್ರಾಫ್ಟ್‌ನಲ್ಲಿ ಎತ್ತಿಕೊಳ್ಳಬಹುದು. ತಪ್ಪಿಸಿಕೊಂಡು ನಾಲ್ಕು ವರ್ಷದ ಕಾಲೇಜಿಗೆ ಬಂದವರನ್ನೂ ಮೂರನೇ ವರ್ಷ ಮುಗಿದ ಮೇಲೆ, ಅಥವಾ 21 ವಯಸ್ಸಾದ ಮೇಲೆ, ಮತ್ತೆ ಎತ್ತಿಕೊಳ್ಳಬಹುದು. ಅಂದರೆ ಹುಡುಗ ಪಳಗುವ ಹೊತ್ತಿಗೆ ಹೊರಟಿರುತ್ತಾನೆ. ಇನ್ನು ದುಡ್ಡು. ಅಪ್ಪ ಅಮ್ಮಂದಿರು ಇದನ್ನು ಗಮನಿಸಿ ಕೇಳಿ: ಮಾರ್ಟಿನ್ ಅವರ ಕೊನೆಯ ದಶಕಗಳಲ್ಲಿ ಇಡೀ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್. ಅದನ್ನೇ ಇಪ್ಪತ್ತೇಳು ಹುಡುಗರವರೆಗೆ ಹಂಚಬೇಕು. ಒಬ್ಬನಿಗೆ ಕಾಲು ಭಾಗ, ಇನ್ನೊಬ್ಬನಿಗೆ ಅರ್ಧ. "ಬೇಸ್‌ಬಾಲ್ ಆಡಿದರೆ ಕಾಲೇಜು ಫೀಸು ಪೂರ್ತಿ ಮಾಫಿ" ಅಂತ ಪಾರ್ಟಿಗಳಲ್ಲಿ ಕೇಳಿಬರುವ ಮಾತಿಗೆ ಬುಡವೇ ಇರಲಿಲ್ಲ. 2025ರಲ್ಲಿ ನಿಯಮ ಬದಲಾಗಿದೆ. ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಿಗೆ ಈಗ ತಂಡಕ್ಕೆ 34 ಆಟಗಾರರು ಎಂಬ ಮಿತಿ ಮಾತ್ರ. ಆದರೂ ಎಲ್ಲ ಕಾಲೇಜೂ ಅಷ್ಟು ಹಣ ಸುರಿಯುತ್ತದೆ ಅಂತ ಲೆಕ್ಕ ಹಾಕಬೇಡಿ.

ಇಂಥ ಸೋರುವ ಕೊಡ ಹಿಡಿದುಕೊಂಡು ಈ ಮನುಷ್ಯ 40 ಋತುಗಳಲ್ಲಿ ಒಂದರಲ್ಲೂ 40ಕ್ಕಿಂತ ಕಡಿಮೆ ಪಂದ್ಯ ಗೆಲ್ಲಲಿಲ್ಲ. ರಾಷ್ಟ್ರೀಯ ಟೂರ್ನಿಗೆ ಒಂದು ವರ್ಷವೂ ತಪ್ಪಲಿಲ್ಲ.

ಅವರ ಕೈಯಲ್ಲಿ ಬೆಳೆದವರಲ್ಲಿ ಒಬ್ಬನ ಹೆಸರು ಹೇಳಲೇಬೇಕು, ಬಸ್ಟರ್ ಪೋಸಿ. ಶಾರ್ಟ್‌ಸ್ಟಾಪ್ ಆಗಿ ಬಂದ ಹುಡುಗನನ್ನು ಎರಡನೇ ವರ್ಷ ಕ್ಯಾಚರ್ ಮಾಡಿದರು. ಚೆನ್ನಾಗಿ ಫೀಲ್ಡ್ ಮಾಡುತ್ತಿದ್ದವನಿಗೆ ವಿಕೆಟ್ ಕೀಪಿಂಗ್ ಗ್ಲೌಸ್ ಕೊಟ್ಟಂತೆ, ನಮ್ಮ ದ್ರಾವಿಡ್‌ಗೆ ಏಕದಿನ ಪಂದ್ಯಗಳಲ್ಲಿ ಕೊಟ್ಟರಲ್ಲ, ಹಾಗೆ. 2008ರಲ್ಲಿ ಒಂದೇ ಪಂದ್ಯದಲ್ಲಿ ಒಂಬತ್ತೂ ಸ್ಥಾನಗಳಲ್ಲಿ ಪೋಸಿಯನ್ನು ಆಡಿಸಿದರು. ಅದೇ ಪೋಸಿ ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಕ್ಯಾಚರ್ ಆಗಿ ಮೂರು ವಿಶ್ವ ಸರಣಿ ಗೆದ್ದ. ಬೇ ಏರಿಯಾದವರಿಗೆ ನಾನು ಹೇಳಬೇಕಾಗಿಲ್ಲ.

ಸರಿ, ಕಪ್ ಯಾಕೆ ಬರಲಿಲ್ಲ? ಪ್ರತಿ ಜೂನ್‌ನಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಎಂಟು ತಂಡಗಳು ಸೇರುತ್ತವೆ. ಎರಡು ಸಲ ಸೋತರೆ ಮನೆಗೆ. ಬೇಸ್‌ಬಾಲ್‌ನಲ್ಲಿ ನೂರು ಚೆಂಡು ಎಸೆದ ಪಿಚರ್‌ನ ತೋಳು ಮತ್ತೆ ಸಿದ್ಧವಾಗಲು ಐದಾರು ದಿನ ಬೇಕು. ಒಳ್ಳೆಯವನನ್ನು ಮೊದಲ ದಿನವೇ ಖರ್ಚು ಮಾಡುವುದೋ, ಉಳಿಸಿಕೊಳ್ಳುವುದೋ? ಐವತ್ತು, ಅರವತ್ತು ಪಂದ್ಯಗಳ ಉದ್ದಕ್ಕೂ ಕಾಣುವ ಬಲಾಬಲ ಈ ಕೆಲವು ಪಂದ್ಯಗಳಲ್ಲಿ ಕಾಣದೇ ಹೋಗಬಹುದು. ಮಾರ್ಟಿನ್ 17 ಸಲ ಒಮಾಹಾಗೆ ಹೋದರು. 1986ರಲ್ಲಿ ಅಂತಿಮ ಪಂದ್ಯದಲ್ಲಿ ಆರಿಜೋನಾಗೆ ಸೋತರು. 1999ರಲ್ಲಿ ಮಯಾಮಿಗೆ, 6-5, ಒಂದೇ ರನ್ನಿನಿಂದ.

ನಾನು ಇಂಜಿನಿಯರು, ಕೈ ಸುಮ್ಮನಿರಲಿಲ್ಲ. ಎಂಟೂ ತಂಡಗಳು ಸರಿಸಮ ಅಂದುಕೊಂಡರೆ 17 ಸಲ ಹೋಗಿಯೂ ಒಂದೂ ಗೆಲ್ಲದಿರುವ ಸಂಭವ ನೂರಕ್ಕೆ ಸುಮಾರು ಹತ್ತು. ಅಂದರೆ ಅಪರೂಪ, ಆದರೆ ಪವಾಡವಲ್ಲ. ಅವರ ತಂಡ ಹಲವು ಸಲ ಸರಾಸರಿಗಿಂತ ಬಲವಾಗಿತ್ತು, ಆದ್ದರಿಂದ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವುದೂ ಸರಿಯಲ್ಲ. ದೊಡ್ಡ ಪಂದ್ಯದಲ್ಲಿ ಕೈ ನಡುಗುತ್ತದೆ ಎಂದವರ ಮಾತನ್ನಂತೂ ನಾನು ಒಪ್ಪುವುದಿಲ್ಲ. ಕೈ ನಡುಗುವವರು 17 ಸಲ ಆ ಬಾಗಿಲವರೆಗೆ ತಲುಪುವುದಿಲ್ಲ.

2019, ಕೊನೆಯ ಋತು, ವಯಸ್ಸು 75. ತಂಡ ಟೂರ್ನಿಗೆ ಆಯ್ಕೆಯಾಗುವುದೇ ಅನುಮಾನ ಎಂಬ ಮಾತಿತ್ತು. ಆಯ್ಕೆಯಾಯಿತು. ಜಾರ್ಜಿಯಾದ ಮೈದಾನಕ್ಕೆ ಹೋಗಿ ಮೂರಕ್ಕೆ ಮೂರೂ ಗೆದ್ದರು. ಲೂಸಿಯಾನಾ ಸ್ಟೇಟ್ ಮೈದಾನದಲ್ಲಿ ಎರಡಕ್ಕೆ ಎರಡು. ಒಮಾಹಾದಲ್ಲಿ ಮೊದಲ ದಿನ ಆರ್ಕನ್ಸಾ ವಿರುದ್ಧ 1-0. ಅದೇ 2,029ನೆಯದು. ಮುಂದೆ ಮಿಷಿಗನ್‌ಗೆ 2-0, ಟೆಕ್ಸಸ್ ಟೆಕ್‌ಗೆ 4-1 ಸೋತು ಮನೆಗೆ ಹೊರಟರು.

ಮಾರ್ಟಿನ್ 2024ರ ಫೆಬ್ರವರಿ 1ರಂದು ತೀರಿಕೊಂಡರು. ಆ ವರ್ಷ ತಂಡದ ಕೋಚ್ ಆಗಿದ್ದವರು ಲಿಂಕ್ ಜ್ಯಾರೆಟ್. ತೊಂಬತ್ತರ ದಶಕದಲ್ಲಿ ಮಾರ್ಟಿನ್ ಅವರ ತಂಡದಲ್ಲೇ ಶಾರ್ಟ್‌ಸ್ಟಾಪ್ ಆಗಿದ್ದ ಹುಡುಗ. ಜೂನ್‌ನಲ್ಲಿ ಅವರು ತಂಡವನ್ನು ಮತ್ತೆ ಒಮಾಹಾಗೆ ಕರೆದುಕೊಂಡು ಹೋದರು. ಕಪ್ ಆ ಸಲವೂ ಬರಲಿಲ್ಲ.

ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಸಿಗುತ್ತೇನೆ.