ಕೌದಿ ಮತ್ತು ಹಳೆಯ ಹೊಲಿಗೆ ಯಂತ್ರ

ಮಕ್ಕಳೇ, ಘಟಸ್ಥಾಪನೆಗೆ ನಾಲ್ಕೈದು ದಿನ ಮುಂಚೆ ಹಳ್ಳದ ದಂಡೆಗೆ ಹೋಗಿ ನೋಡಿರಿ. ಬಂಡೆಗಳ ಮೇಲೆ, ಬೇಲಿಗಳ ಮೇಲೆ ಬಣ್ಣಬಣ್ಣದ ಕೌದಿಗಳು ಒಣಗುತ್ತಿರುತ್ತವೆ. ನವರಾತ್ರಿಗೆ ಮೊದಲು ಮನೆಯ ಹಾಸಿಗೆ, ಹೊದಿಕೆಗಳನ್ನೆಲ್ಲ ಒಗೆಯುವುದು ನಮ್ಮ ಕಡೆಯ ರೂಢಿ. ಒದ್ದೆಯಾದ ಕೌದಿಯನ್ನು ಒಬ್ಬರೇ ಹಿಂಡಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿಯಬೇಕು. ಅದಕ್ಕೆ ಅಷ್ಟು ಭಾರ ಎಲ್ಲಿಂದ ಬಂತು?

ಹರಿದ ಕೌದಿಯ ಒಂದು ಮೂಲೆಯನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಮೇಲೆ ಅಜ್ಜಿಯ ಇಳಕಲ್ ಸೀರೆ, ಕೆಳಗೆ ಅಜ್ಜನ ಧೋತರ, ನಡುವೆ ಅಪ್ಪನ ಹಳೆಯ ಅಂಗಿ. ನೀವು ತೊಟ್ಟಿಲಲ್ಲಿದ್ದಾಗ ಹಾಕಿಕೊಂಡ ಕುಂಚಿಗೆಯೂ ಎಲ್ಲೋ ಸೇರಿರಬಹುದು. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಈ ಗಾಳಿ ನಮ್ಮ ಮೈಯ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಅದಕ್ಕೇ ಕೌದಿ ಬೆಚ್ಚಗೆ. ಮರಾಠಿಯಲ್ಲಿ ಇದನ್ನು ಗೋಧಡಿ, ವಾಕಳ ಎನ್ನುತ್ತಾರೆ. ಬಂಗಾಳದಲ್ಲಿ ಇದರ ಬಂಧುವಿಗೆ ಕಾಂಥಾ ಎಂದು ಹೆಸರು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ಬಲು ಚೆಂದ. ಅವರು ಅಂಚಿನಿಂದ ಹೊಲಿಯಲು ತೊಡಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ.

ಕೈಯಿಂದ ಒಂದು ಕೌದಿ ಮುಗಿಸಲು ಬಹಳ ದಿನ ಬೇಕು. ಅಜ್ಜಿಯ ಕಣ್ಣು ಮಂಜಾದರೆ ಸೂಜಿಗೆ ದಾರ ಪೋಣಿಸುವುದೇ ಕಷ್ಟ. ಪೆಟ್ಟಿಗೆಯಲ್ಲಿ ಸೀರೆಗಳು ಹಾಗೇ ಉಳಿಯುತ್ತವೆ. ಆಗ ಮನೆಗೆ ಯಾರೋ ಬಳಸಿದ ಹಳೆಯ ಹೊಲಿಗೆ ಯಂತ್ರವೊಂದು ಬಂತೆನ್ನಿ. ಅದರಿಂದ ಕೌದಿ ಹೊಲಿಯಬಹುದೇ? ಹೊಲಿಯಬಹುದು. ಆದರೆ ಮೊದಲು ಯಂತ್ರದ ಗುಣ ತಿಳಿಯಬೇಕು.

ಕೈಸೂಜಿಯ ಕಣ್ಣು ಹಿಂದಿನ ತುದಿಯಲ್ಲಿರುತ್ತದೆ. ಯಂತ್ರದ ಸೂಜಿಯ ಕಣ್ಣು ಮೊನೆಯ ಹತ್ತಿರ ಇರುತ್ತದೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಇಂಥ ಸೂಜಿಯೇ ಇತ್ತು. ಸೂಜಿ ಬಟ್ಟೆಯೊಳಗೆ ಇಳಿದು ತುಸು ಮೇಲೇಳುವಾಗ ದಾರ ಒಂದು ಸಣ್ಣ ಕುಣಿಕೆಯಾಗುತ್ತದೆ. ಕೆಳಗಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್‌ನ ಸುತ್ತ ದಾಟಿಸುತ್ತದೆ. ಮೇಲಿನ ದಾರವೂ ಬಾಬಿನ್‌ನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಹೆಣೆದುಕೊಳ್ಳುತ್ತವೆ. ಯಂತ್ರದ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಆಗ ದೊಡ್ಡವರು ಹತ್ತಿರ ಇರಲಿ, ಬೆರಳು ಸೂಜಿಯಿಂದ ದೂರವಿರಲಿ.

ಹಳೆಯ ಯಂತ್ರ ದಾರ ಹರಿಯುತ್ತಿದ್ದರೆ ಕೂಡಲೇ ಅದನ್ನು ಬೈಯಬೇಡಿರಿ. ಸೂಜಿ ಮೊಂಡಾಗಿರಬಹುದು, ತಿರುವುಮುರುವಾಗಿ ಕೂತಿರಬಹುದು. ಬಾಬಿನ್‌ನ ಕೆಳಗೆ ಹತ್ತಿಯ ಕಸ ತುಂಬಿರಬಹುದು. ಕಸ ತೆಗೆದು ಎರಡು ಹನಿ ಯಂತ್ರದ ಎಣ್ಣೆ ಬಿಟ್ಟರೆ ಎಷ್ಟೋ ಯಂತ್ರಗಳು ಸುಧಾರಿಸುತ್ತವೆ. ಅಡುಗೆ ಎಣ್ಣೆ ಮಾತ್ರ ಬೇಡ. ಅದು ಅಂಟಾಗಿ ಯಂತ್ರವನ್ನೇ ಹಿಡಿದುಬಿಡುತ್ತದೆ. ಬಟ್ಟೆಯ ಹಿಂಬದಿಯಲ್ಲಿ ದಾರದ ಕುಣಿಕೆಗಳು ಕಂಡರೆ ಮೇಲಿನ ದಾರ ಸಡಿಲವಾಗಿದೆ ಎಂದು ತಿಳಿಯಿರಿ.

ಇನ್ನು ಕೌದಿಯ ಮಾತು. ನೀವು ಅತ್ತೆಯನ್ನೋ ಅಮ್ಮನನ್ನೋ ಜೊತೆಗೆ ಕರೆಯಿರಿ. ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ, ಗೇಣು ಗೇಣಿಗೆ ಕೈಯಿಂದ ಕಚ್ಚಾ ಹೊಲಿಗೆ ಹಾಕಬೇಕು. ಇದನ್ನು ಬಿಟ್ಟರೆ ಯಂತ್ರದ ಹಲ್ಲು ಕೆಳಗಿನ ಪದರವನ್ನು ಮುಂದೆ ಎಳೆಯುತ್ತದೆ, ಮೇಲಿನದು ಹಿಂದೆ ಉಳಿದು ಸುಕ್ಕಾಗುತ್ತದೆ. ದಪ್ಪ ಪದರಕ್ಕೆ 16 ಅಥವಾ 18ನೇ ನಂಬರಿನ ಸೂಜಿ ಒಳ್ಳೆಯದು. ಹೊಲಿಗೆ ಉದ್ದವಾಗಿರಲಿ. ಬಹಳ ಜನ ಇಲ್ಲೇ ತಪ್ಪುತ್ತಾರೆ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂದು ಅವರ ಎಣಿಕೆ. ಆದರೆ ಅಜ್ಜಿಯ ಸೀರೆ ಸವೆದು ಮೆತ್ತಗಾಗಿರುತ್ತದೆ. ಅದರಲ್ಲಿ ಒತ್ತೊತ್ತಾಗಿ ತೂತು ಬಿದ್ದರೆ ಅಂಚೆಚೀಟಿಯ ಅಂಚು ಹರಿಯುವಂತೆ ಹೊಲಿಗೆಯ ಗೆರೆಗುಂಟ ಹರಿಯುತ್ತದೆ. ಅಂಗಡಿಯಲ್ಲಿ ಹೊಸ ಸೀರೆ ಸಿಗುತ್ತದೆ, ಆ ಸೀರೆ ಸಿಗುವುದಿಲ್ಲ. ಆದ್ದರಿಂದ ಮೊದಲು ಬೇಡವಾದ ಬಟ್ಟೆಯ ಮೇಲೆ ಹೊಲಿದು ನೋಡಿರಿ.

ಕೌದಿಗೆ ಹೂಬಳ್ಳಿ ಬೇಕೆ? ಇದೇ ಯಂತ್ರದಲ್ಲಿ ಕಸೂತಿಯನ್ನೂ ಹಾಕಬಹುದು. ಬಟ್ಟೆಯನ್ನು ಒತ್ತುವ ಪಾದವನ್ನು ಬಿಚ್ಚಿ, ಹಲ್ಲುಗಳನ್ನು ಕೆಳಗಿಳಿಸಿ ಇಲ್ಲವೆ ಮುಚ್ಚಿ, ಬಟ್ಟೆಯನ್ನು ರಿಂಗಿನಲ್ಲಿ ಬಿಗಿಯುತ್ತಾರೆ. ಆಗ ಬಟ್ಟೆಯನ್ನು ಯಂತ್ರ ಎಳೆಯುವುದಿಲ್ಲ. ಹೊಲಿಯುವವರ ಕೈ ಅದನ್ನು ಬೇಕಾದ ಕಡೆ ತಿರುಗಿಸುತ್ತದೆ. ಪಾದ ಇಲ್ಲದಿದ್ದರೂ ಅದರ ಹಿಡಿಕೆಯನ್ನು ಕೆಳಗಿಳಿಸಲೇಬೇಕು. ಮರೆತರೆ ದಾರಕ್ಕೆ ಬಿಗಿ ಸಿಗದೆ ಕೆಳಗೆಲ್ಲ ಗೋಜಲು. ವಿದ್ಯುತ್ತಿನಿಂದ ನಡೆಯುವ ಕಸೂತಿ ಯಂತ್ರಗಳೂ ಈಗ ಕೆಲವು ಮನೆಗಳಲ್ಲಿವೆ. ಅವುಗಳಲ್ಲಿ ಚಿತ್ರ ನೆನಪಿನಲ್ಲಿರುತ್ತದೆ, ಚೌಕಟ್ಟು ತಾನೇ ಸರಿಯುತ್ತದೆ. ಸಣ್ಣ ಯಂತ್ರದ ಚೌಕಟ್ಟು ಸುಮಾರು 10 ಸೆಂ.ಮೀ. ಅಗಲವಷ್ಟೇ. ಇಡೀ ಕೌದಿ ಅದರಲ್ಲಿ ಹಿಡಿಸದು. ಯಂತ್ರ ಯಾವುದೇ ಇರಲಿ, ಕಸೂತಿಯನ್ನು ಗಟ್ಟಿಯಾದ ತುಂಡು ಬಟ್ಟೆಯ ಮೇಲೆ ಹಾಕಿ, ಆ ತುಂಡನ್ನು ಕೌದಿಗೆ ಹಚ್ಚಿದರೆ ಹಳೆಯ ಸೀರೆಗೆ ನೋವಿಲ್ಲ.

ನಡುವಿನ ಹೊಲಿಗೆ ಮುಗಿಯಿತು. ಈಗ ಉಳಿದದ್ದು ನಾಲ್ಕು ಮೂಲೆ. ಅಲ್ಲಿ ಅಂಚಿನ ಬಟ್ಟೆ ಮಡಿಕೆಯ ಮೇಲೆ ಮಡಿಕೆಯಾಗಿ ಬಹಳ ದಪ್ಪವಾಗಿರುತ್ತದೆ. ಯಂತ್ರವನ್ನು ಒತ್ತಾಯದಿಂದ ನಡೆಸಿದರೆ ಸೂಜಿ ಮುರಿಯುತ್ತದೆ. ಅದು ಕೈಸೂಜಿಯ ಕೆಲಸ. ದೊಡ್ಡ ಸೂಜಿಗೆ ನೀವು ದಾರ ಪೋಣಿಸಿ ಅಜ್ಜಿಯ ಕೈಗೆ ಕೊಡಿರಿ. ಉಳಿದದ್ದು ಅವರ ಬೆರಳಿಗೆ ಗೊತ್ತು.